ತಾಮ್ರದ ಒಳಮೈ

ಫಳಫಳ ಹೊಳೆಯುವ ಪಾತ್ರೆ ಕಂಡರೆ ನನಗೆ ಈಗಲೂ ಹೆದರಿಕೆ. ನಗುವವರು ನಗಲಿ.

ನಮ್ಮ ಮಾವ ದೊಡ್ಡ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಲಿಫ್ಟಿನ ಹಿತ್ತಾಳೆ ಬಾಗಿಲು, ಗುಂಡಿಗಳು, ಮೆಟ್ಟಿಲ ಪಕ್ಕದ ಕಂಬಿ ಎಲ್ಲವನ್ನೂ ಮುಖ ಕಾಣುವಂತೆ ಉಜ್ಜಿಡುವುದೂ ಅವರದೇ ಕೆಲಸ. ನಿವೃತ್ತಿಯಾದ ಮೇಲೆ ಆ ಕೈಗಳಿಗೆ ಏನಾದರೂ ಬೇಕಲ್ಲ! ನಲ್ಲಿ, ಚಿಲಕ, ಬೀಗ, ಕಿಟಕಿಯ ಕೊಂಡಿ ಯಾವುದನ್ನೂ ಬಿಡಲಿಲ್ಲ. ಬಾಗಿಲ ಮೇಲಿನ ಹಿತ್ತಾಳೆ ಫಲಕವನ್ನು ತಿಕ್ಕಿ ತಿಕ್ಕಿ ಮನೆಯ ನಂಬರೇ ಅಳಿಸಿಹೋಗಿ, ಪೋಸ್ಟ್‌ಮನ್ ನಮ್ಮ ಕಾಗದಗಳನ್ನು ಪಕ್ಕದ ಮನೆಗೆ ಹಾಕತೊಡಗಿದ. ಬೀದಿಯ ಮಕ್ಕಳು ಅವರನ್ನು 'ಫಳಫಳ ತಾತ' ಎಂದೇ ಕರೆಯುತ್ತಿದ್ದವು.

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ," ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು. "ಏನು ಬೇಕಾದ್ರೂ ತಿಕ್ಕೊಳ್ಳಿ ರೀ, ನನ್ನ ಪಾತ್ರೆಗೆ ಮಾತ್ರ ಕೈ ಹಾಕ್ಬೇಡಿ."

ಅತ್ತೆಯ ಪಾತ್ರೆಗಳು ತಾಮ್ರದವು, ಒಳಗೆ ಬಿಳಿಯ ಕಲಾಯಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ನನಗೆ ಕಡ್ಡಿ ಮುರಿದಂತೆ ಹೇಳಿದ್ದರು: "ಹೊರಗೆ ಹುಣಸೆಹಣ್ಣು ಹಾಕಿ ಎಷ್ಟಾದ್ರೂ ತಿಕ್ಕು. ಒಳಗೆ ಬರೀ ಕೈ, ಬರೀ ನೀರು. ಕಲಾಯಿ ಹೋಗಿ ತಾಮ್ರ ಕಾಣಿಸ್ಕೊಂಡ್ರೆ, ಅದಕ್ಕೆ ಹುಳಿ ತಗುಲಿದ್ರೆ ವಿಷ ಕಣೇ." ಅಡುಗೆಮನೆಯ ಹೊಸ್ತಿಲು ದಾಟದ ಮಾವನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಂದಿರಲಿಲ್ಲ.

ಆಮೇಲೆ ಅತ್ತೆ ಜ್ವರ ಬಂದು ಮಲಗಿದರು. ನನ್ನ ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ರಜೆ ಕೇಳುತ್ತೇನೆ ಎಂದಾಗ ಮಾವ ತಡೆದರು.

"ನೀನು ಹೋಗಮ್ಮ. ನಾನಿದೀನಲ್ಲ."

ಕುಡಿಯುವ ನೀರನ್ನೂ ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದ ಮನುಷ್ಯ ಅಂಗಿಯ ತೋಳು ಮಡಚಿ ಒಲೆಯ ಮುಂದೆ ನಿಂತರು. ಗೂಡಿನಿಂದ ಒಂದು ಪಾತ್ರೆ ತೆಗೆದು ಟೊಮೆಟೊ ಬೇಯಿಸಿ, ನಿಂಬೆಹಣ್ಣು ಹಿಂಡಿ ಸೂಪು ಮಾಡಿದರು. ಬೆಳಿಗ್ಗೆ ಮಾಡಿದ್ದನ್ನು ಅದೇ ಪಾತ್ರೆಯಲ್ಲಿಟ್ಟು ಸಂಜೆ ಮತ್ತೆ ಬಿಸಿ ಮಾಡುತ್ತಿದ್ದರು. ಅತ್ತೆ ಒಂದು ಹನಿ ಬಿಡದೆ ಕುಡಿಯುತ್ತಿದ್ದರು. ನನಗೆ ನಿಜವಾಗಿ ಖುಷಿಯಾಯಿತು, ಮುಚ್ಚಿಡುವುದೇಕೆ.

ಜ್ವರವೇನೋ ಇಳಿಯಿತು. ಆದರೆ ವಾಂತಿ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ಒದ್ದಾಡತೊಡಗಿದರು. ಡಾಕ್ಟರು ಬಂದು, ಜ್ವರದ ಮಾತ್ರೆಗೆ ಹೊಟ್ಟೆ ಕೆಟ್ಟಿದೆ, ತಿಳಿಯಾಗಿ ಏನಾದರೂ ಕೊಡುತ್ತಿರಿ ಎಂದರು. ಮಾವ ಮತ್ತಷ್ಟು ಸೂಪು ಕೊಟ್ಟರು. ಅತ್ತೆಯ ಕೆನ್ನೆ ಒಳಗೆ ಹೋಯಿತು, ಉಗುರು ಬಿಳಿಚಿಕೊಂಡಿತು. ಅತ್ತೆ ಕುಗ್ಗಿದಂತೆಲ್ಲ ಅಡುಗೆಮನೆಯ ಗೂಡಿನಲ್ಲಿಟ್ಟ ಪಾತ್ರೆಗಳು ಹೊಳೆಯುತ್ತ ಬಂದವು. ಏನೋ ಸರಿಯಿಲ್ಲ ಎಂದು ನನ್ನ ಮನಸ್ಸು ಕುಟುಕುತ್ತಲೇ ಇತ್ತು. ಏನೆಂದು ಮಾತ್ರ ತಿಳಿಯಲಿಲ್ಲ.

ಆ ದಿನ ಅಂಗಡಿಯಲ್ಲಿ ಕರೆಂಟು ಹೋಯಿತೆಂದು ಬೇಗ ಬಂದೆ. ಅಡುಗೆಮನೆಯಿಂದ ಕರಕರ ಸದ್ದು. ಮಾವ ನೆಲದ ಮೇಲೆ ಕೂತು ತಾಮ್ರದ ಪಾತ್ರೆಯನ್ನು ತೊಡೆಯ ನಡುವೆ ಹಿಡಿದಿದ್ದರು. ಕೈಯಲ್ಲಿ ಬಡಗಿಗಳು ಮರ ತಿಕ್ಕುವ ಉಪ್ಪುಕಾಗದ.

"ನೋಡಮ್ಮ," ಎಂದರು, ಮುಖ ಅರಳಿಸಿಕೊಂಡು. "ಒಳಗೆಲ್ಲ ಏನೋ ಬಿಳಿ ಕೊಳೆ ಹಿಡ್ಕೊಂಡಿತ್ತು. ಪಾಪ, ಅವಳ ಕೈಯಲ್ಲಿ ಹೋಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ತೆಗೀತಿದ್ದೆ. ಇವತ್ತು ಪೂರ್ತಿ ಹೋಯ್ತು."

ಪಾತ್ರೆಯ ಒಳಗೆ ಕೆಂಪು. ಅದರ ತಳದಲ್ಲಿ ನನ್ನ ಮುಖ ಕಾಣುತ್ತಿತ್ತು.

"ಸೂಪು?" ಎಂದೆ.

"ಬಟ್ಟಲಿಗೆ ಹಾಕಿದೀನಿ. ಸ್ವಲ್ಪ ಆರಲಿ."

ವಿಷಯ ಹೇಳಿದರೆ ಆ ಮನುಷ್ಯ ಅಲ್ಲೇ ಕುಸಿಯುತ್ತಾರೆ ಅನ್ನಿಸಿತು. ಅತ್ತೆಯ ಕೋಣೆಗೆ ಓಡಿ ಕಿವಿಯ ಹತ್ತಿರ ಬಗ್ಗಿದೆ. "ಅತ್ತೆ, ಪಾತ್ರೆ ಕಲಾಯಿ ಹೋಗಿದೆ. ಮಾವ ಕೆರೆದು ಹಾಕಿದಾರೆ."

"ಗೊತ್ತು," ಎಂದರು ಅತ್ತೆ.

"ಗೊತ್ತಾ? ಯಾವಾಗಿಂದ?" ಎಂದೆ.

"ಜ್ವರ ಬಿಟ್ಟು ನಾಲಿಗೆಗೆ ರುಚಿ ಬಂದಾಗಲೇ ಗೊತ್ತಾಯ್ತು. ಬಾಯೆಲ್ಲ ತಾಮ್ರದ ಕಾಸು ನೆಕ್ಕಿದ ಹಾಗೆ."

"ಮತ್ತೆ ಯಾಕೆ ಕುಡಿದ್ರಿ? ಬುದ್ಧಿ ಇದೆಯಾ ನಿಮಗೆ?" ಅತ್ತೆಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅಷ್ಟು ಸಿಟ್ಟು ಬಂದಿತ್ತು.

"ನನಗೆ ಅಂತ ಅವರು ಒಲೆ ಹಚ್ಚಿದ್ದು ಇದೇ ಮೊದಲು ಕಣೇ. ಬಟ್ಟಲು ಕೈಗೆ ಕೊಟ್ಟು, ಕುಡಿಯೋದನ್ನೇ ನೋಡ್ತಾ ಕೂರ್ತಾರೆ. ಹೇಗೆ ಬೇಡ ಅನ್ಲಿ?" ನನ್ನ ಮುಂಗೈ ಹಿಡಿದರು. ಅವರ ಕೈ ತಣ್ಣಗಿತ್ತು. "ಎರಡು ದಿನ. ಎದ್ದು ನಾನೇ ಒಲೆ ಹತ್ರ ಹೋಗ್ತೀನಿ. ಅವರಿಗೆ ಹೇಳ್ಬೇಡ, ನನ್ನಾಣೆ."

ಎರಡು ದಿನವಂತೆ! ತಲೆಯೆತ್ತಲೂ ಶಕ್ತಿಯಿರಲಿಲ್ಲ ಅವರಿಗೆ.

ಮಾವ ಬಟ್ಟಲು ಹಿಡಿದು ಒಳಗೆ ಬಂದರು. ಮಂಚದ ಅಂಚಿನಲ್ಲಿ ಕೂತು, ಚಮಚ ತುಂಬಿ, ತಾವೇ ಊದಿ ಅತ್ತೆಯ ಬಾಯಿಯ ಹತ್ತಿರ ತಂದರು. ಅತ್ತೆ ನನ್ನ ಮೇಲಿನ ಕಣ್ಣು ತೆಗೆಯದೆ ಬಾಯಿ ತೆರೆದರು.

ನಾನು ಬಟ್ಟಲನ್ನು ಕಿತ್ತುಕೊಂಡೆ. ಸೂಪು ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ಮಾವ, ಅದು ಕೊಳೆ ಅಲ್ಲ, ಕಲಾಯಿ. ಅದು ಹೋದ ಪಾತ್ರೇಲಿ ಹುಳಿ ವಿಷ ಆಗುತ್ತೆ. ಇಷ್ಟು ದಿನ ಅತ್ತೆ ಕುಡಿದಿದ್ದು ಅದನ್ನೇ."

ಮಾವ ಚಮಚವನ್ನು ಹಿಡಿದೇ ಇದ್ದರು. ನಾನು ಆಸ್ಪತ್ರೆಗೆ ಫೋನು ಹಚ್ಚಿದೆ. ಆ ಕಡೆಯವರು ಗಾಡಿ ಕಳಿಸುತ್ತೇವೆ, ರೋಗಿಗೆ ಎಚ್ಚರ ಇದೆಯೇ ನೋಡಿ ಎಂದರು. ತಿರುಗಿ ನೋಡಿದೆ. ಅತ್ತೆಯ ರೆಪ್ಪೆಗಳು ಬಾಗುತ್ತಿದ್ದವು.

ಮಾವ ಅವರ ಮುಖದ ಹತ್ತಿರ ಬಗ್ಗಿದ್ದರು.

"ನಿನಗೆ ರುಚಿ ಗೊತ್ತಾಗ್ಲಿಲ್ವೇನೇ?"

ಅತ್ತೆ ಕಷ್ಟಪಟ್ಟು ಕಣ್ಣು ತೆರೆದರು.

"ಇಲ್ಲ ರೀ," ಎಂದರು. "ಚೆನ್ನಾಗಿತ್ತು."