ಗೋಡೆ ಸಿಗುವ ಮೊದಲು

ನಾನು ಒಂದು ಓವನ್. ಮೇಜಿನ ಮೇಲೆ ಕೂರುವ ಜಾತಿಯದಲ್ಲ, ಗೋಡೆಯೊಳಗೆ ಕೂರುವ ಜಾತಿಯದು. ಕಾರ್ಖಾನೆಯಲ್ಲಿ ನನ್ನನ್ನು ಮಾಡಿದವರು ಮುಖಕ್ಕೆ ಮಾತ್ರ ಕಪ್ಪು ಗಾಜು, ಉಕ್ಕಿನ ಹಿಡಿಕೆ, ಹೊಳೆಯುವ ಎರಡು ತಿರುಗುಗುಂಡಿ ಕೊಟ್ಟರು. ಬೆನ್ನಿಗೂ ಪಕ್ಕೆಗಳಿಗೂ ಬರೀ ತಗಡು. ಅಲ್ಲಿ ಯಾರು ನೋಡುತ್ತಾರೆ, ಹೇಗಿದ್ದರೂ ಗೋಡೆ ಮುಚ್ಚುತ್ತದೆ ಎಂದುಕೊಂಡಿರಬೇಕು. ಹಾಗಾಗಿ ಹುಟ್ಟಿದ ದಿನದಿಂದ ನನಗಿದ್ದದ್ದು ಒಂದೇ ಆಸೆ, ನನ್ನದೇ ಒಂದು ಗೋಡೆ.

ನನ್ನನ್ನು ಕೊಂಡವರು ಧಾರವಾಡದ ಈರಣ್ಣ ಮತ್ತು ಅವನ ಹೆಂಡತಿ ಪ್ರಮೀಳಾ. ಗ್ರಾನೈಟಿನೊಳಗೆ ಇಳಿಸುವ ನಾಲ್ಕು ಬರ್ನರಿನ ಒಲೆಯೂ ನನ್ನ ಜೊತೆಗೇ ಟೆಂಪೋದಲ್ಲಿ ಬಂತು. ಮನೆ ತಲುಪಿದಾಗ ನಮಗಾಗಿ ಗೋಡೆಯೂ ಇರಲಿಲ್ಲ, ಗ್ರಾನೈಟೂ ಇರಲಿಲ್ಲ. ಹಿತ್ತಲ ಕಡೆಯ ಕಟ್ಟಿಗೆ ಕೋಣೆಯನ್ನು ಒಡೆದು ಅಡುಗೆಮನೆ ಮಾಡುವ ಕೆಲಸ ಆಗಷ್ಟೇ ಶುರುವಾಗಿತ್ತು.

ಅದೊಂದು ಹಳೆಯ ದೊಡ್ಡ ಮನೆ. ಈರಣ್ಣ ಮತ್ತು ಅವನ ಅಣ್ಣ ಒಟ್ಟಿಗಿದ್ದರು. ಅಣ್ಣನ ಹೆಂಡತಿ ಕಸ್ತೂರಿ. ಪ್ರಮೀಳಾ ಮದುವೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ ಕಳೆದಿದ್ದರೂ ಆ ಮನೆಯ ಅಡುಗೆ ಕಸ್ತೂರಿಯದೇ. ಕಾಯಿಪಲ್ಯ ಹೆಚ್ಚುವುದು, ಶೇಂಗಾ ಕುಟ್ಟುವುದು, ರೊಟ್ಟಿ ಬಡಿಯುವುದು ಪ್ರಮೀಳಾಳ ಪಾಲು. ಉಪ್ಪು, ಖಾರ, ಒಗ್ಗರಣೆ ಮಾತ್ರ ಕಸ್ತೂರಿಯ ಕೈ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಅತ್ತೆಯ ಪುಣ್ಯತಿಥಿಯ ದಿನ ಹುಗ್ಗಿ ಚೆನ್ನಾಗಿದೆಯೆಂದು ನೆಂಟರೊಬ್ಬರು ಪ್ರಮೀಳಾಳನ್ನು ಹೊಗಳಿದಾಗ, ಕಸ್ತೂರಿ ಪಂಕ್ತಿಯ ನಡುವೆಯೇ ನಕ್ಕು, ಆಕಿಗೆಲ್ಲಿ ಅಡಿಗಿ ಬರತೈತಿ ಎಂದುಬಿಟ್ಟಳಂತೆ. ಪ್ರಮೀಳಾ ಎಲೆಯ ಮುಂದಿನಿಂದ ಎದ್ದು ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕೊನೆಗೆ ಅಣ್ಣತಮ್ಮಂದಿರು ಮನೆಯನ್ನು ಎರಡು ಮಾಡುವುದೆಂದು ಹಿರಿಯರ ಮುಂದೆ ಒಪ್ಪಿಕೊಂಡರು. ಪಡಸಾಲೆ ತಮ್ಮನ ಪಾಲಿಗೆ ಬಂತು. ಪಡಸಾಲೆಯಿಂದ ಕಸ್ತೂರಿಯ ಅಡುಗೆಮನೆಗೆ ಇದ್ದ ಬಾಗಿಲನ್ನು ಇಟ್ಟಿಗೆ ಹಾಕಿ ಮುಚ್ಚಬೇಕು ಎಂದಾಯಿತು. ಇದೆಲ್ಲ ನಾನು ಬರುವ ಮೊದಲಿನ ಮಾತು. ಪ್ರಮೀಳಾ ಗಂಡನ ಹತ್ತಿರ ಎಷ್ಟು ಸಲ ಹೇಳಿಕೊಂಡಳೆಂದರೆ ನನಗೂ ಬಾಯಿಪಾಠವಾಯಿತು.

ಹೊಸ ಕೋಣೆ ಮುಗಿಯುವವರೆಗೆ ನಮ್ಮನ್ನು ಡಬ್ಬಿಯಲ್ಲೇ ಇಡುವುದಾಗಿತ್ತು. ಪ್ರಮೀಳಾ ಕೇಳಲಿಲ್ಲ. ಬಡಿಗ ಇಮಾಮಸಾಬರನ್ನು ಕರೆದು, ಸದ್ಯಕ್ಕೆ ಏನಾದರೂ ಮಾಡಿಕೊಡಿ ಎಂದಳು. ಅವರು ಹಳೆಯ ಕದವೊಂದನ್ನು ಕೊರೆದು ಒಲೆಯನ್ನು ಅದರೊಳಗೆ ಇಳಿಸಿದರು. ನನಗೆ ಪ್ಲೈವುಡ್ಡಿನ ಒಂದು ಗೂಡು ಹೊಡೆದು, ಪಕ್ಕೆಗಳಿಗೆ ಗಾಳಿಯಾಡಲೆಂದು ಎರಡೂ ಬದಿಗೆ ಸಂದು ಬಿಟ್ಟರು. ನನ್ನಂಥ ದೊಡ್ಡ ಪ್ಲಗ್ಗಿಗೆ ತಕ್ಕ ಸಾಕೆಟ್ ಇದ್ದದ್ದು ಪಡಸಾಲೆಯಲ್ಲಿ ಮಾತ್ರ. ಅಲ್ಲಿಯೇ, ಮುಚ್ಚಲಿದ್ದ ಆ ಬಾಗಿಲಿನ ಪಕ್ಕದಲ್ಲೇ, ನಾನು ಕುಳಿತೆ. ತಗಡಿನ ಪಕ್ಕೆಗಳು ಹೋಗಿಬರುವವರಿಗೆಲ್ಲ ಕಾಣುತ್ತಿದ್ದವು. ನನಗೆ ನಾಚಿಕೆಯಾಗುತ್ತಿತ್ತು.

ಪ್ರಮೀಳಾ ಮೊದಲು ಮಾಡಿದ್ದು ನಾನಖಟಾಯಿ ಬಿಸ್ಕೀಟು. ಹಿಟ್ಟನ್ನು ಚೆನ್ನಾಗಿಯೇ ನಾದಿದ್ದಳು. ಆದರೆ ಬಿಸಿಯ ಅಂದಾಜು ಅವಳಿಗೂ ತಿಳಿಯದು, ನನಗೂ ಹೊಸದು. ತಟ್ಟೆಯನ್ನು ತೀರ ಕೆಳಗಿಟ್ಟಳು. ಅಡಿ ಕಪ್ಪಾಗಿ, ಮೇಲೆ ಹಸಿಯಾಗಿಯೇ ಉಳಿದವು. ಎರಡನೆಯ ಸಲವೂ ಹಾಗೆಯೇ. ಮೂರನೆಯ ದಿನ ಅವಳು ನನ್ನ ಮುಂದೆ ನೆಲದ ಮೇಲೆ ಕುಳಿತು, ಕರಕಾದುದನ್ನು ಚಮಚದಿಂದ ಕೆರೆಯುತ್ತ ಕಣ್ಣೊರೆಸಿಕೊಂಡಳು. ಅಡಿಗಿ ಬರೂದಿಲ್ಲ ಅಂದದ್ದು ಖರೇ ಆತು ಎಂದು ತನ್ನಷ್ಟಕ್ಕೇ ಗೊಣಗಿದಳು.

ಹಿತ್ತಲ ನಲ್ಲಿಗೆ ಹೋಗಲು ಕಸ್ತೂರಿಗೆ ಪಡಸಾಲೆಯೇ ದಾರಿ. ಕೊಡ ಹಿಡಿದು ಬಂದವಳು ನಿಂತಳು. ಕೊಡವನ್ನು ನೆಲಕ್ಕಿಟ್ಟು, ಬಾಗಿ, ನನ್ನೊಳಗೆ ನೋಡಿದಳು.

“ತಾಟು ಒಂದ ಮೆಟ್ಟ ಮ್ಯಾಲ ಇಡು. ಬೆಂಕಿ ಸಣ್ಣ ಮಾಡು,” ಎಂದಳು.

ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ಆಡಿದ ಮೊದಲ ಮಾತು ಅದು. ಪ್ರಮೀಳಾ ಗುಂಡಿ ತಿರುಗಿಸಿ ಬಿಸಿ ತಗ್ಗಿಸಿದಳು. ಉಳಿದ ಹಿಟ್ಟನ್ನು ಉಂಡೆ ಕಟ್ಟಿ, ತಟ್ಟೆಯನ್ನು ಒಂದು ಮೆಟ್ಟಿಲು ಮೇಲಕ್ಕಿಟ್ಟಳು. ಕಸ್ತೂರಿ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಮೂಗೆತ್ತಿ, ಈಗ ತೆಗಿ, ಎಂದಳು. ಕೆನೆಬಣ್ಣದ ಹನ್ನೆರಡು ನಾನಖಟಾಯಿಗಳು ಸಣ್ಣಗೆ ಬಿರಿದುಕೊಂಡು ಹೊರಬಂದವು.

ಕಸ್ತೂರಿಯ ತವರು ಗದಗ. ದೀಪಾವಳಿಯ ಮುಂಚೆ ಅವಳ ತಾಯಿ ಹಿಟ್ಟು, ಸಕ್ಕರೆ, ತುಪ್ಪ ಕಟ್ಟಿಕೊಂಡು ಮಕ್ಕಳನ್ನು ಕರೆದುಕೊಂಡು ನಾನಖಟಾಯಿ ಬೇಯಿಸಿಕೊಂಡು ಬರಲು ಬೇಕರಿಗೆ ಹೋಗುತ್ತಿದ್ದಳಂತೆ. ತಮ್ಮ ಸರದಿ ಬರುವವರೆಗೆ ಕಸ್ತೂರಿ ಭಟ್ಟಿಯ ಬಾಯಲ್ಲಿ ನಿಂತು ವಾಸನೆ ಹಿಡಿಯುತ್ತಿದ್ದಳು. ಬೆಂದದ್ದು, ಬೇಯದ್ದು, ಇನ್ನೇನು ಸೀಯಲಿರುವುದು ಎಲ್ಲವೂ ಮೂಗಿಗೆ ಗೊತ್ತಾಗುತ್ತಿತ್ತು. ಮದುವೆಯಾದ ಮೇಲೆ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಈಗ ಪ್ರಮೀಳಾಗೆ ಹೇಳಿದಳು.

ಮರುದಿನದಿಂದ ಕೊಡದ ನೆಪವೂ ಬೇಕಾಗಲಿಲ್ಲ. ಮಧ್ಯಾಹ್ನ ಊಟದ ಕೆಲಸ ಮುಗಿಸಿ ಕಸ್ತೂರಿ ಮಣೆ ತಂದು ನನ್ನ ಎದುರಿಗೆ ಕೂರುತ್ತಿದ್ದಳು. ರವೆ ಕೇಕ್, ಖಾರ ಬಿಸ್ಕೀಟು, ಶೇಂಗಾ ತುಂಬಿ ಸುಟ್ಟ ಬದನೆಕಾಯಿ, ಹೀಗೆ ದಿನಕ್ಕೊಂದು. ಪಕ್ಕದ ಒಲೆಯ ಮೇಲೆ ಪ್ರಮೀಳಾ ಮೊದಲ ಬಾರಿ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವವರೆಗೆ ಕಸ್ತೂರಿ ಬಾಯಿ ಬಿಗಿಹಿಡಿದು ಕುಳಿತದ್ದನ್ನು ನಾನು ನೋಡಿದೆ. ಸೌಟು ಕಸಿದುಕೊಳ್ಳಲು ಅವಳ ಕೈ ಎರಡು ಸಲ ಮುಂದೆ ಬಂದು ಹಿಂದೆ ಹೋಯಿತು.

ಹೀಗೆ ಐವತ್ತು ದಿನ ಕಳೆದವು. ಒಂದು ಮಧ್ಯಾಹ್ನ ಕಸ್ತೂರಿ ನನ್ನ ಗಾಜನ್ನೇ ನೋಡುತ್ತ ಹೇಳಿದಳು:

“ನಿನಗ ಅಡಿಗಿ ಬರೂದಿಲ್ಲ ಅಂದಿದ್ದೆ. ಬರಗೊಡಲಿಲ್ಲ ನಾ.”

ಪ್ರಮೀಳಾ ಆಗಷ್ಟೇ ತೆಗೆದ ಬದನೆಕಾಯಿಯನ್ನು ಬಿಡಿಸಿ ಅವಳ ತಟ್ಟೆಗೆ ಹಾಕಿದಳು.

ಅಷ್ಟರಲ್ಲಿ ಹೊಸ ಅಡುಗೆಮನೆ ಮುಗಿಯಿತು. ಟೈಲ್ಸ್ ಕೂತವು, ಗ್ರಾನೈಟ್ ಬಂತು. ಬಾಗಿಲು ಮುಚ್ಚಲು ಗೌಂಡಿ ಇಟ್ಟಿಗೆ ತಂದು ಪಡಸಾಲೆಯಲ್ಲಿ ಒಟ್ಟಿದ. ಕೆಲಸ ಹಿಡಿಯುವ ಮುನ್ನ, ಕಟ್ಟಲೇನ್ರಿ ಅಕ್ಕಾರ, ಎಂದು ಕೇಳಿದ. ಗಂಡಸರಿಬ್ಬರೂ ಮನೆಯಲ್ಲಿರಲಿಲ್ಲ. ಪ್ರಮೀಳಾ ಕಸ್ತೂರಿಯ ಮುಖ ನೋಡಿದಳು. ಬೇಡ ಎಂಬ ಒಂದು ಮಾತನ್ನು ಕಸ್ತೂರಿ ಆಡಿದರೆ ಸಾಕೆಂದು ಕಾದಳು. ಕಸ್ತೂರಿ ಪ್ರಮೀಳಾಳ ಮುಖ ನೋಡಿದಳು. ಪ್ರಮೀಳಾ ಕೇಳಿ ಪಡೆದ ಅಡುಗೆಮನೆ ಇದು, ಮತ್ತೆ ತಾನು ಅಡ್ಡ ಬಂದಂತಾಗಬಾರದು ಎಂದು ಅವಳ ಮನಸ್ಸಿನಲ್ಲಿತ್ತು.

“ಕಟ್ಟ್ರಿ. ಆಕೀಗ ಆಕೀದೊಂದು ಅಡಿಗಿಮನಿ ಬೇಕಲ್ಲ,” ಎಂದಳು ಕಸ್ತೂರಿ.

ಪ್ರಮೀಳಾ ಹ್ಞೂಂ ಎಂದಳು. ನನಗೆ ಬಾಯಿ ಇದ್ದಿದ್ದರೆ ಅಂದು ಮಾತಾಡಿಬಿಡುತ್ತಿದ್ದೆ. ಸಂಜೆಯ ಹೊತ್ತಿಗೆ ಗೋಡೆ ಎದ್ದಿತ್ತು. ಅದೇ ವಾರ ಇಮಾಮಸಾಬರು ನನ್ನನ್ನು ಗೂಡಿನಿಂದ ಬಿಚ್ಚಿ ಹೊಸ ಕೋಣೆಗೆ ಒಯ್ದು, ನಾನು ಬಯಸಿದಂತೆಯೇ ಗೋಡೆಯೊಳಗೆ ಕೂರಿಸಿದರು. ನನ್ನ ಮುಖ ಟೈಲ್ಸಿನ ಸಮಕ್ಕೆ ನಿಂತಿತು. ಬಂದವರೆಲ್ಲ ಮೆಚ್ಚಿದರು.

ಕಸ್ತೂರಿ ಈಗ ನಮ್ಮ ಮನೆಗೆ ಬರಬೇಕಾದರೆ ಬೀದಿಗಿಳಿದು, ಮೂಲೆ ಸುತ್ತಿ, ಎದುರು ಬಾಗಿಲಿನ ಆರು ಮೆಟ್ಟಿಲು ಹತ್ತಬೇಕು. ಮೊದಮೊದಲು ವಾರಕ್ಕೊಮ್ಮೆ ಬಂದಳು. ಆಮೇಲೆ ಮಂಡಿನೋವು ಹೆಚ್ಚಿ ಹಬ್ಬಕ್ಕೆ ಮಾತ್ರ ಬಂದಳು. ಮೂರು ವರ್ಷಕ್ಕೆ ಅವರ ಸಂಸಾರ ಮಗಳ ಊರಾದ ಹಾವೇರಿಗೆ ಹೋಯಿತು. ಪ್ರಮೀಳಾ ಒಳ್ಳೆಯ ಅಡುಗೆಯವಳಾದಳು. ಓಣಿಯ ಹೆಂಗಸರು ಅವಳ ಹತ್ತಿರ ಕಲಿಯಲು ಬರುತ್ತಿದ್ದರು. ಆದರೂ ಒಮ್ಮೆ ನಾನು ಉರಿಯುತ್ತಿದ್ದಾಗ ಅವಳು ಹಾವೇರಿಗೆ ಫೋನು ಹಚ್ಚಿ, ಇನ್ನೂ ಎಷ್ಟು ಹೊತ್ತು ಬಿಡಲಿ ಎಂದು ಕೇಳಿದಳು. ಅವಳಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಫೋನಿನ ಧ್ವನಿ ಕೋಣೆಗೆಲ್ಲ ಕೇಳಿತು:

“ವಾಸನಿ ಬರಲಾರದ ನಾ ಏನ್ ಹೇಳಲಿ, ಪ್ರಮೀ?”

ಆ ಮಾತಾಗಿ ಬಹಳ ಕಾಲವಾಯಿತು. ಕಸ್ತೂರಿ ಈಗಿಲ್ಲ. ನನ್ನ ಕೆಳಗಿನ ಕಾಯಿಲ್ ಸುಟ್ಟುಹೋಗಿದೆ. ಅದರ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲವಂತೆ. ಗೋಡೆಯಿಂದ ಕಿತ್ತರೆ ಟೈಲ್ಸ್ ಒಡೆಯುತ್ತವೆಂದು ನನ್ನನ್ನು ಹಾಗೆಯೇ ಬಿಟ್ಟಿದ್ದಾರೆ. ಹೊಟ್ಟೆಯಲ್ಲಿ ಮುಚ್ಚಳಗಳು, ತಾಟುಗಳು, ಒಂದು ಹಳೆಯ ಬಾಣಲೆ ಇವೆ.

ಗೋಡೆಯೊಳಗೆ ಹದಿನಾಲ್ಕು ವರ್ಷದಿಂದ ಇದ್ದೇನೆ. ಯಾರಾದರೂ ನಿನ್ನ ಬಾಳಿನ ಬಗ್ಗೆ ಹೇಳು ಎಂದರೆ, ನನಗೆ ಹೇಳಲು ಇರುವುದು ಪಡಸಾಲೆಯ ಐವತ್ತು ದಿನ ಮಾತ್ರ. ಆಗ ನಾನು ಆ ದಿನಗಳನ್ನು ಗೋಡೆಗಾಗಿ ಕಾಯುವುದರಲ್ಲೇ ಕಳೆದೆ. ಈಗ ಅವನ್ನೇ ಒಂದೊಂದಾಗಿ ನೆನೆಯುತ್ತೇನೆ. ಪ್ರಮೀಳಾಗೂ ಹಾಗೆಯೇ ಇರಬೇಕು. ಮಧ್ಯಾಹ್ನದ ಹೊತ್ತು ಮುಚ್ಚಳ ತೆಗೆದುಕೊಳ್ಳಲೆಂದು ಬರುತ್ತಾಳೆ, ನನ್ನ ಬಾಗಿಲು ತೆಗೆಯುತ್ತಾಳೆ, ಬಾಗುತ್ತಾಳೆ. ಕೈ ಒಳಗೆ ಹಾಕುವುದಿಲ್ಲ. ಕಸ್ತೂರಿಯಂತೆ ಮೂಗೆತ್ತಿ, ಉಸಿರೆಳೆದುಕೊಂಡು ನಿಲ್ಲುತ್ತಾಳೆ.