ಸೂಜಿ ಸಾಹೇಬರ ನಕ್ಷೆ

ಸೂಜಿ ಸಾಹೇಬರನ್ನು ಯಾರೂ ತಬ್ಬಿಕೊಳ್ಳುವಂತಿರಲಿಲ್ಲ. ಅವರ ಬೂದು ಕೋಟಿನ ಕಾಲರಿನ ಅಡಿಯಲ್ಲಿ ಕೆಂಪು ತಲೆಯ ಗುಂಡುಸೂಜಿಗಳು ಸಾಲಾಗಿ ಚುಚ್ಚಿಕೊಂಡಿರುತ್ತಿದ್ದವು. ಸಲಿಗೆಯಿಂದ ಅಪ್ಪಿಕೊಳ್ಳಲು ಹೋದವರು ಅಯ್ಯೋ ಎಂದು ಹಿಂದೆ ಸರಿದರೆ, ತಪ್ಪು ತಮ್ಮದೇ ಎಂಬಂತೆ ಅವರು ಸಣ್ಣಗೆ ನಗುತ್ತಿದ್ದರು.

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬಂದು, ಕೆಲವೇ ತಿಂಗಳಲ್ಲಿ ನಡಿಗೆ, ಮಾತು, ನೆನಪುಗಳನ್ನೆಲ್ಲ ಕಿತ್ತುಕೊಂಡು ಕೊಲ್ಲುವ ಮಿದುಳಿನ ರೋಗವೊಂದು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆಂದು ನಕ್ಷೆಯಲ್ಲಿ ಗುರುತಿಸುವುದು ನಮ್ಮ ಕಚೇರಿಯಲ್ಲಿ ಅವರ ಕೆಲಸ. ಅವರಿಗಿಂತ ಮುಂಚಿನವರು ರೋಗಿ ಸತ್ತ ಜಾಗಕ್ಕೆ ಸೂಜಿ ಚುಚ್ಚಿ ಕೈತೊಳೆದುಕೊಂಡಿದ್ದರು. ಹಾಗಾಗಿ ರೋಗವೆಲ್ಲ ದೊಡ್ಡಾಸ್ಪತ್ರೆಯ ಸುತ್ತಲೇ ಗುಂಪುಗೂಡಿದಂತೆ ಕಾಣುತ್ತಿತ್ತು. ಇವರು ಬಂದವರೇ ಅಷ್ಟನ್ನೂ ಕಿತ್ತುಹಾಕಿದರು. ಒಂದೊಂದು ಮನೆಗೂ ಹೋಗಿ, ಬಾಗಿಲಲ್ಲಿ ನಿಂತು ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕೊನೆಯ ಹತ್ತು ವರ್ಷ ಅವರು ವಾಸ ಇದ್ದದ್ದು ಎಲ್ಲಿ?” ಉತ್ತರ ತೋರಿಸಿದ ಕಡೆಗೇ ಸೂಜಿ. ಮೇಲಧಿಕಾರಿ ಹೇಳಿದರೂ ಅದು ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ.

ಅವರ ಹೆಂಡತಿ ಹನ್ನೊಂದು ವರ್ಷದ ಹಿಂದೆಯೇ ಕಡಲಂಚಿನ ಊರಿನಲ್ಲಿದ್ದ ತಂಗಿಯ ಮನೆ ಸೇರಿದ್ದರು. ಜಗಳವೇನೂ ಆಗಿರಲಿಲ್ಲ, ಊರೂರು ಸುತ್ತುವ ಗಂಡನಿಗಾಗಿ ಕಾದು ಕಾದು ಬೇಸತ್ತಿದ್ದರು, ಅಷ್ಟೆ. ಕಳೆದ ವರ್ಷ ಆಕೆ ಅದೇ ರೋಗಕ್ಕೆ ಬಲಿಯಾದ ಸುದ್ದಿ, ತಂಗಿಯ ಕಾಗದಕ್ಕಿಂತ ಮೊದಲೇ, ಆಸ್ಪತ್ರೆಯ ವರದಿಯಾಗಿ ಸಾಹೇಬರ ಮೇಜಿಗೆ ಬಂತು.

ಆ ಮನೆಗೆ ಬೇರೆಯವರನ್ನು ಕಳಿಸೋಣವೆಂದೆ. ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ಆ ಬಾಗಿಲಲ್ಲೂ ಗುಂಡಿ ಹಾಕಿಕೊಂಡು ಅದೇ ಪ್ರಶ್ನೆ ಕೇಳಿದರು.

“ಇಲ್ಲೇ ಭಾವ,” ಎಂದರು ಹೆಂಡತಿಯ ತಂಗಿ, ಕಣ್ಣೊರೆಸಿಕೊಳ್ಳುತ್ತ. “ಆದ್ರೆ ಕೊನೆಕೊನೆಗೆ ಅಕ್ಕ, ಹಸಿರು ಬಾಗಿಲು ಎಲ್ಲಿ, ಮನೆಗೆ ಹೋಗ್ಬೇಕು ಅಂತ ಹುಡುಕ್ತಾನೇ ಇದ್ಳು. ನಮ್ಮನೇಲಿ ಹಸಿರು ಬಾಗಿಲೇ ಇಲ್ವಲ್ಲ.”

ನಮ್ಮ ಊರಿನಲ್ಲಿರುವ ಹಸಿರು ಬಾಗಿಲಿನ ಮನೆ ಸಾಹೇಬರದು. ಅವರು ಪೆನ್ನಿನ ಮುಚ್ಚಳ ತೆಗೆದರು. “ಅದನ್ನ ಬರೆಯೋಕೆ ಫಾರಮ್ಮಲ್ಲಿ ಜಾಗ ಇಲ್ಲಮ್ಮ,” ಎಂದವರು ಆ ಊರಿನ ಹೆಸರನ್ನಷ್ಟೇ ಬರೆದುಕೊಂಡರು.

ಮರುದಿನ ಕಡಲಂಚಿನ ಊರಿಗೆ ಸೂಜಿ ಬಿತ್ತು. ನಮ್ಮ ಊರಿನ ಜಾಗ ಖಾಲಿಯಾಗಿಯೇ ಉಳಿಯಿತು. ಅದರ ಮೇಲೆ ಒಂದು ಕ್ಷಣ ಹೆಬ್ಬೆರಳಿಟ್ಟು ತೆಗೆದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಸಮಾಧಾನ ಕೊಡುವ ಸುಳ್ಳೊಂದು ಕೈಗೆಟಕುವಷ್ಟು ಹತ್ತಿರವಿದ್ದರೂ ಸತ್ಯವನ್ನು ಅದರ ಜಾಗದಲ್ಲೇ ಇಟ್ಟು ಬರುವ ಇಂಥವರಿಂದಲೇ ಲೋಕದ ನಕ್ಷೆಗಳು ವಿಶ್ವಾಸಾರ್ಹವಾಗುವುದು. ಆ ವಿಶ್ವಾಸದ ಮೇಲೆ ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ಅವರು ಸಂಜೆ ಹಸಿರು ಬಾಗಿಲಿನ ಬೀಗವನ್ನು ತಾವೇ ತೆಗೆದು ಒಳಗೆ ಹೋಗುತ್ತಾರೆ.