ಫುಕೊನ ಯಾತ್ರೆ

"ಏಳು ಫುಕೊ, ಹೊತ್ತಾಯ್ತು. ಬಸ್ಸು ತಪ್ಪಿದ್ರೆ ಆಮೇಲೆ ನನ್ನನ್ನೇ ಬೈತೀಯ," ಎಂದು ಮುದುಕಿ ದೊರಿಂದ ತನ್ನ ಗಂಡನ ಗೋರಿಯ ಮೇಲೆ ತಟ್ಟಿದಳು. ತೈಶಿದೊ ಊರಿನ ಸಂತ ಆಂಡ್ರೆಸನ ಇಗರ್ಜಿಗೆ ಬದುಕಿದ್ದಾಗ ಹೋಗದವರು ಸತ್ತ ಮೇಲಾದರೂ ಹೋಗಲೇಬೇಕು, ಹಲ್ಲಿಯಾಗಿಯೋ ಇರುವೆಯಾಗಿಯೋ ತೆವಳಿಕೊಂಡು. ಕೈಹಿಡಿದವಳು ಇನ್ನೂ ಗಟ್ಟಿಯಾಗಿರುವಾಗ ಅವನೇಕೆ ತೆವಳಬೇಕು? ಬಸ್ಸಿನಲ್ಲಿ ಅವಳು ಎರಡು ಟಿಕೆಟು ಕೇಳಿದಳು. ಡ್ರೈವರು ಅವಳ ಪಕ್ಕದ ಬರಿಯ ಗಾಳಿಗೂ ತಲೆಬಾಗಿಸಿ ನಮಸ್ಕರಿಸಿದ.

ಗಂಡನನ್ನು ಕಿಟಕಿಯ ಬಳಿ ಕೂರಿಸಿದಳು. ಹೊರಗೆ ಮಂಜು; ಮರಗಳು ನಿದ್ದೆಯಲ್ಲಿ ನಡೆದುಹೋದಂತೆ ಹಿಂದೆ ಸರಿಯುತ್ತಿದ್ದವು. ಬಂದರಿನ ಊರಿನಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಹತ್ತಿದಳು. ಬೇರೆಲ್ಲೂ ಜಾಗವಿರಲಿಲ್ಲ.

"ಇಲ್ಲಿ ಯಾರಾದ್ರೂ ಇದಾರಾ?"

"ನಮ್ಮ ಯಜಮಾನ್ರು. ಚಳಿಗಾಲದಲ್ಲಿ ತೀರ್ಕೊಂಡ್ರು."

ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ದೊರಿಂದಳ ಮುಖವನ್ನೂ ಖಾಲಿ ಸೀಟನ್ನೂ ತುಂಬ ಹೊತ್ತು ನೋಡಿ, "ಈ ಕಡೆ ಕೂರಿಸ್ಬೇಕಿತ್ತು," ಎಂದಳು ಮೆಲ್ಲಗೆ. "ಕಿಟಕಿ ಹತ್ರ ಎಡಗಾಲು ಚಾಚೋಕಾಗಲ್ಲ. ಮಂಡಿ ನೋಯುತ್ತೆ."

ಮಂಡಿಯ ಸುದ್ದಿಯನ್ನು ದೊರಿಂದ ಎತ್ತಿಯೇ ಇರಲಿಲ್ಲ. ಬಲೆ ಹೆಣೆಯುವ ನೆಪದಲ್ಲಿ ಫುಕೊ ಬಂದರಿನಲ್ಲಿ ಉಳಿಯುತ್ತಿದ್ದ ರಾತ್ರಿಗಳೆಲ್ಲ ಒಮ್ಮೆಗೇ ಬಸ್ಸು ಹತ್ತಿದಂತಾಯಿತು. ಇಷ್ಟು ವರ್ಷ ಅವಳು ಶಪಿಸಿದ್ದು ಯಾವಳೋ ಕೆಂಪು ತುಟಿಯ ಹುಡುಗಿಯನ್ನು. ಇವಳಿಗೋ ತಲೆಯೆಲ್ಲ ನರೆ, ಬಿರುಕುಬಿಟ್ಟ ಕೈ.

"ಬಲೆ ಚೆನ್ನಾಗಿ ಹೆಣೆದ್ರಾ ಇಬ್ರೂ?"

"ನನ್ನ ಹೆಸ್ರು ಬಾಲ್ಬಿನ," ಎಂದಳು ಅವಳು. ನಿಂತಲ್ಲೇ ಕಂಬಿ ಹಿಡಿದುಕೊಂಡಳು. "ನಾನು ಮಾಡಿದ್ದು ತಿಂದು ನಿಮ್ಮ ಕೈ ಮೀನಿನ ರೊಟ್ಟಿನ ಹೊಗಳ್ತಿದ್ದ."

"ನನ್ನ ಮುಂದೆ ಒಂದಿನಾನೂ ಹೊಗಳ್ಲಿಲ್ಲವಲ್ಲ, ಮಹಾರಾಯ!"

"ಗೋರಿ ಹತ್ರ ಬರೋಕೆ ನಂಗೇನು ಹಕ್ಕಿತ್ತು? ಇಗರ್ಜಿ ಹತ್ರನಾದ್ರೂ ಸಿಗ್ತಾನೇನೋ ಅಂತ ಹೊರಟೆ."

ಬಾಲ್ಬಿನ ದಾರಿಯುದ್ದಕ್ಕೂ ನಿಂತೇ ಬಂದಳು.

ಕಡಿದಾದ ಬಂಡೆಯ ನೆತ್ತಿಯಲ್ಲಿ ಹಳೆಯ ಕಲ್ಲಿನ ಇಗರ್ಜಿ ಮಂಜಿನೊಳಗೆ ತೇಲುತ್ತಿತ್ತು. ಕೆಳಗೆ ಕಡಲು ಕಾಣಿಸದು. ಯಾರೋ ಗಾಢವಾಗಿ ಮಲಗಿ ಉಸಿರಾಡುವಂಥ ಅದರ ಸದ್ದು ಮಾತ್ರ. ಬಾಗಿಲಲ್ಲಿ ದೊರಿಂದ ಪಕ್ಕಕ್ಕೆ ಸರಿದು ಗಂಡನಿಗೆ ದಾರಿಬಿಟ್ಟಳು. ಇನ್ನು 'ಹೋಗು' ಎನ್ನುವುದೊಂದೇ ಬಾಕಿ. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಹಿಂತಿರುಗಿ ನೋಡಿದರೆ ಬಾಲ್ಬಿನ ದೂರದಲ್ಲಿ, ಗೋಡೆಯ ಮಗ್ಗುಲಲ್ಲಿ ನಿಂತಿದ್ದಳು.

"ಅಲ್ಲೇನು ಮಾಡ್ತಿದೀಯ? ಬಾ ಇಲ್ಲಿ," ಎಂದಳು ದೊರಿಂದ. "ನನ್ನ ಕೈಲಿ ಆಗ್ತಿಲ್ಲ. ನೀನೇ ಹೇಳು ಅವನಿಗೆ."

ಬಾಲ್ಬಿನ ಬಂದಳು. ಕತ್ತಲೆಯ ಬಾಗಿಲಿನೊಳಕ್ಕೆ ನೋಡುತ್ತ, "ಹೋಗ್ಬಾ ಫುಕೊ," ಎಂದಳು. "ನಿಧಾನ. ಮೆಟ್ಟಿಲಿದೆ."

ಪೂಜೆ ಮುಗಿದ ಮೇಲೆ ಇಬ್ಬರೂ ಕಡಲ ಕಡೆಯ ಮೋಟುಗೋಡೆಯ ಮೇಲೆ ಕೂತರು. ದೊರಿಂದ ಬುತ್ತಿ ಬಿಚ್ಚಿ ಮೀನಿನ ರೊಟ್ಟಿಯನ್ನು ಮುರಿದಳು. ಬಾಲ್ಬಿನ ಒಂದು ತುತ್ತು ತಿಂದು, ಅಗಿಯುವುದನ್ನು ನಿಲ್ಲಿಸಿ, "ಉಪ್ಪು ಜಾಸ್ತಿ," ಎಂದಳು.

"ಅವನೂ ಹಾಗೇ ಅಂತಿದ್ದ."

ಉದುರಿದ ಚೂರುಗಳಿಗೆ ಎಲ್ಲಿಂದಲೋ ಇರುವೆಗಳು ಬಂದವು. ಇಬ್ಬರು ಮುದುಕಿಯರೂ ಪಾದಗಳನ್ನು ನೆಲದಿಂದ ಮೇಲಕ್ಕೆತ್ತಿಕೊಂಡು, ಸಾಲು ದಾಟುವವರೆಗೂ ಹಾಗೆಯೇ ಕೂತಿದ್ದರು.